ಮನೇಲೇ ಟರ್ಕಿಯ ಪಾಲಕ್ ಬೋರೆಕ್: ಹಿಟ್ಟು ಕಲಸೋದ್ರಿಂದ ಓವನ್‌ನಿಂದ ತೆಗೆಯೋವರೆಗೆ

ಬೋರೆಕ್ ಅಂದ್ರೆ ತೆಳ್ಳಗೆ ಲಟ್ಟಿಸಿದ ಮೈದಾ ಹಾಳೆ ಒಳಗೆ ಸೊಪ್ಪು, ಚೀಸ್, ಆಲೂಗಡ್ಡೆ, ಕೀಮಾ ಹೀಗೆ ಏನಾದ್ರೂ ತುಂಬಿ ಬೇಯಿಸೋ ಖಾರ ತಿಂಡಿ. ಟರ್ಕೀಲಿ ಬೆಳಗ್ಗೆ ತಿಂಡಿಗೂ ಇದಿರತ್ತೆ, ಸಾಯಂಕಾಲ ಚಹಾ ಜೊತೆಗೂ ಇರತ್ತೆ, ಮನೆಗೆ ನಾಲ್ಕು ಜನ ಬರ್ತಾರೆ ಅಂದ್ರೆ ಓವನ್ ಒಳಗೆ ಹೋಗೋದೇ ಒಂದು ಟ್ರೇ ಬೋರೆಕ್. ಬರೀ ಬೋರೆಕ್ ಮಾರೋಕೇ ಅಂತ ಅಂಗಡಿಗಳಿವೆ, ಬೋರೆಕ್ಚಿ ಅಂತಾರೆ, ದೊಡ್ಡ ಟ್ರೇಯಿಂದ ಕತ್ತರಿಸಿ ತೂಕ ಹಾಕಿ ಕೊಡ್ತಾರೆ. ಅದ್ರಲ್ಲಿ ಪಾಲಕ್ ಮತ್ತು ಬಿಳಿ ಚೀಸ್ ಹಾಕಿದ್ದನ್ನ ಇಸ್ಪನಾಕ್ಲಿ ಬೋರೆಕ್ ಅಂತಾರೆ, ಇವತ್ತು ಮಾಡೋಣ ಅಂತಿರೋದು ಅದನ್ನೇ. ಮಾಂಸ ಇಲ್ಲ, ಮೊಟ್ಟೆ ಬೇಡ ಅಂದ್ರೂ ನಡೆಯತ್ತೆ, ಸಾಮಾನು ಎಲ್ಲಾ ನಮ್ಮೂರಲ್ಲೇ ಸಿಗತ್ತೆ, ಹಾಗಾಗಿ ನಮ್ಮ ಅಡುಗೆಮನೇಲಿ ಮಾಡೋಕೆ ಇದಕ್ಕಿಂತ ಒಳ್ಳೆ ಟರ್ಕಿ ಅಡುಗೆ ನಂಗಂತೂ ಗೊತ್ತಿಲ್ಲ.

ಶುರು ಮಾಡೋ ಮೊದ್ಲು ಒಂದು ಮಾತು ಮನಸ್ಸಲ್ಲಿ ಇಟ್ಕೊಳ್ಳಿ, ಉಳಿದಿದ್ದೆಲ್ಲಾ ಅದ್ರಿಂದಾನೇ ಬರತ್ತೆ: ಒಳಗಿನ ಸೊಪ್ಪು ಒಣಗಿರ್ಬೇಕು, ಹೊರಗಿನ ಹಾಳೆ ಪಸೆ ಇರ್ಬೇಕು. ಬೋರೆಕ್ ಕೆಟ್ಟಿದೆ ಅಂದ್ರೆ ಹೆಚ್ಚಿನ ಸಲ ಇದು ಉಲ್ಟಾ ಆಗಿರತ್ತೆ, ಸೊಪ್ಪಿನ ನೀರು ಇಳಿದು ತಳ ಹಸಿಹಸಿ ಆಗಿರತ್ತೆ, ಮೇಲಿನ ಹಾಳೆ ಮಾತ್ರ ಎಣ್ಣೆ ಹಾಲು ಸಾಲದೆ ಹಪ್ಪಳದ ಥರ ಒಣಗಿ ಒಡೀತಿರತ್ತೆ. ಮಸಾಲೆ ಎಷ್ಟು, ಚೀಸ್ ಯಾವುದು ಅನ್ನೋದೆಲ್ಲಾ ಆಮೇಲಿನ ಮಾತು, ನೀರು ಎಲ್ಲಿರ್ಬೇಕು ಎಲ್ಲಿರ್ಬಾರ್ದು ಅನ್ನೋದೇ ಇಲ್ಲಿ ಮುಖ್ಯ.

ಯುಫ್ಕಾ ಬಗ್ಗೆ ಸ್ವಲ್ಪ

ಬೋರೆಕ್ ಹಾಳೆಗೆ ಯುಫ್ಕಾ ಅಂತ ಹೆಸರು. ಮೈದಾ, ನೀರು, ಉಪ್ಪು ಇಷ್ಟೇ, ಯೀಸ್ಟ್ ಇಲ್ಲ. ಓಕ್ಲಾವಾ ಅನ್ನೋ ಸಣ್ಣ ದಪ್ಪದ ಉದ್ದನೆ ಕೋಲಲ್ಲಿ ಲಟ್ಟಿಸ್ತಾರೆ, ನಮ್ಮ ಚಪಾತಿ ಲಟ್ಟಣಿಗೆಗಿಂತ ಎಷ್ಟೋ ಉದ್ದ ಇರತ್ತೆ. ಪೇಟೆಗಳಲ್ಲಿ ಯುಫ್ಕಾಜಿ ಅಂಗಡೀಲಿ ತಾಜಾ ಹಾಳೆ ಸಿಗತ್ತೆ, ಅದು ಪೂರ್ತಿ ಹಸಿ ಅಲ್ಲ, ಸಾಜ್ ಅನ್ನೋ ಉಬ್ಬಿದ ಕಬ್ಬಿಣದ ಕಾವಲಿ ಮೇಲೆ ಒಂಚೂರು ಬಿಸಿ ತೋರಿಸಿ ಒಂದರ ಮೇಲೊಂದು ಪೇರಿಸಿರ್ತಾರೆ. ಹಳ್ಳಿಗಳಲ್ಲಿ ಹೆಂಗಸರು ಒಟ್ಟಿಗೆ ಕೂತು, ಒಬ್ರು ಉಂಡೆ ಮಾಡಿ ಒಬ್ರು ಲಟ್ಟಿಸಿ ಒಬ್ರು ಸಾಜ್ ಮೇಲೆ ಬೇಯಿಸಿ ರಾಶಿಗಟ್ಟಲೆ ಯುಫ್ಕಾ ಮಾಡಿ ಒಣಗಿಸಿಟ್ಕೊಂಡು ಚಳಿಗಾಲ ಪೂರ್ತಿ ನೀರು ಚಿಮುಕಿಸಿ ಮೆತ್ತಗೆ ಮಾಡ್ಕೊಂಡು ತಿನ್ನೋ ಪದ್ಧತಿ ಇದೆ. ಈ ತೆಳು ರೊಟ್ಟಿ ಮಾಡಿ ಹಂಚಿಕೊಂಡು ತಿನ್ನೋ ಸಂಪ್ರದಾಯವನ್ನ 2016ರಲ್ಲಿ ಯುನೆಸ್ಕೋ ತನ್ನ ಅಮೂರ್ತ ಪರಂಪರೆ ಪಟ್ಟಿಗೆ ಸೇರಿಸ್ತು, ಟರ್ಕಿ, ಇರಾನ್, ಅಜರ್‌ಬೈಜಾನ್, ಕಜಕಸ್ತಾನ್, ಕಿರ್ಗಿಸ್ತಾನ್ ಐದೂ ದೇಶದ ಹೆಸರಲ್ಲಿ. ಆಟೋಮನ್ನರ ಕಾಲದಲ್ಲಿ ಬೋರೆಕ್ ಬಾಲ್ಕನ್ ದೇಶಗಳಿಗೆಲ್ಲಾ ಹರಡ್ತು, ಗ್ರೀಸ್‌ನ ಸ್ಪಾನಾಕೋಪಿಟಾ, ಬೋಸ್ನಿಯಾದ ಝೆಲ್ಯಾನಿಟ್ಸಾ ಎರಡೂ ಇದೇ ಪಾಲಕ್ ಬೋರೆಕ್‌ನ ಹತ್ತಿರದ ಸಂಬಂಧಿಗಳೇ.

ಆಕಾರದಲ್ಲಿ ತುಂಬಾ ಬಗೆ ಇದೆ. ಟ್ರೇಲಿ ಪದರ ಪದರವಾಗಿ ಹಾಸಿದ್ರೆ ತೆಪ್ಸಿ ಬೋರೆಯಿ (ಬೋರೆಯಿ ಅಂದ್ರೂ ಬೋರೆಕ್ಕೇ), ಉದ್ದಕ್ಕೆ ಸುತ್ತಿದ್ರೆ ಕೋಲ್ ಬೋರೆಯಿ, ಅದನ್ನೇ ಸಣ್ಣ ಸಣ್ಣದಾಗಿ ಸುರುಳಿ ಮಾಡಿದ್ರೆ ಗ್ಯುಲ್ ಬೋರೆಯಿ, ಬೆರಳು ದಪ್ಪ ಸುತ್ತಿ ಎಣ್ಣೇಲಿ ಕರಿದ್ರೆ ಸಿಗಾರಾ ಬೋರೆಯಿ, ಹಾಳೆನ ಮೊದ್ಲು ಬಿಸಿನೀರಲ್ಲಿ ಬೇಯಿಸಿ ಹಾಸಿದ್ರೆ ಸು ಬೋರೆಯಿ. ಈ ಕೊನೇದು ರುಚಿ ಏನೋ ಅದ್ಭುತ, ಆದ್ರೆ ಮೊದಲನೇ ಸಲಕ್ಕೆ ಬೇಡ. ನಾನು ಹೇಳಿಕೊಡ್ತಿರೋದು ಉದ್ದಕ್ಕೆ ಸುತ್ತಿ ರೌಂಡ್ ಟ್ರೇಲಿ ಸುರುಳಿ ಜೋಡಿಸೋ ಕೋಲ್ ಬೋರೆಯಿ, ಯಾಕಂದ್ರೆ ಮನೇಲಿ ಲಟ್ಟಿಸಿದ ಹಾಳೆ ಅಲ್ಲಲ್ಲಿ ಹರಿದ್ರೂ ಸುತ್ತೋವಾಗ ತೂತೆಲ್ಲಾ ಒಳಗೆ ಹೋಗಿಬಿಡತ್ತೆ.

ಏನೇನು ಬೇಕು

ಹಾಳೆಗೆ: ಮೈದಾ 400 ಗ್ರಾಂ, ಉಪ್ಪು ಒಂದು ಟೀ ಚಮಚ ತಲೆ ತುಂಬ, ಉಗುರುಬೆಚ್ಚಗಿನ ನೀರು 220ರಿಂದ 230 ಮಿಲಿ, ಎಣ್ಣೆ 2 ಟೇಬಲ್ ಚಮಚ, ವಿನೆಗರ್ ಒಂದು ಟೇಬಲ್ ಚಮಚ (ಇಲ್ಲದಿದ್ರೆ ಬಿಡಿ, ಇದ್ರೆ ಹಿಟ್ಟು ಚೆನ್ನಾಗಿ ಎಳೆಯತ್ತೆ). ಇದಲ್ಲದೆ ಉಂಡೆ ನೆನೆಸಿಡೋಕೆ ಒಂದಷ್ಟು ಎಣ್ಣೆ.

ಒಳಗೆ ತುಂಬೋಕೆ: ಪಾಲಕ್ 600 ಗ್ರಾಂ, ಅಂದ್ರೆ ಮಾರ್ಕೆಟ್‌ನಲ್ಲಿ ಸಿಗೋ ಮೂರೋ ನಾಲ್ಕೋ ಕಟ್ಟು, ಕಟ್ಟಿನ ಗಾತ್ರ ಒಂದೊಂದು ಕಡೆ ಒಂದೊಂದು ಥರ ಇರೋದ್ರಿಂದ ತೂಕ ನೋಡಿ ತಗೊಳ್ಳಿ. ಈರುಳ್ಳಿ ಮೀಡಿಯಂ 2, ಬಿಳಿ ಚೀಸ್ 200 ಗ್ರಾಂ, ಕಾಳುಮೆಣಸಿನ ಪುಡಿ ಅರ್ಧ ಟೀ ಚಮಚ, ಚಿಲ್ಲಿ ಫ್ಲೇಕ್ಸ್ ಒಂದು ಟೀ ಚಮಚ, ಎಣ್ಣೆ 2 ಟೇಬಲ್ ಚಮಚ. ಟರ್ಕೀಲಿ ಪುಲ್ ಬಿಬೆರ್ ಅನ್ನೋ ಒಣ ಮೆಣಸಿನ ಚೂರು ಹಾಕ್ತಾರೆ, ಅದು ಖಾರ ಕಮ್ಮಿ ಬಣ್ಣ ಜಾಸ್ತಿ, ಬ್ಯಾಡಗಿ ಮೆಣಸಿನಕಾಯಿ ಬೀಜ ತೆಗೆದು ತರಿತರಿ ಪುಡಿ ಮಾಡಿ ಹಾಕಿದ್ರೆ ಹತ್ರ ಹತ್ರ ಅದೇ ಕೆಲಸ ಮಾಡತ್ತೆ.

ಹಾಳೆಗೆ ಸವರೋಕೆ: ಎಣ್ಣೆ 60 ಮಿಲಿ, ಕರಗಿಸಿದ ಬೆಣ್ಣೆ 40 ಗ್ರಾಂ, ಹಾಲು 60 ಮಿಲಿ, ಮೊಸರು 3 ಟೇಬಲ್ ಚಮಚ, ಮೊಟ್ಟೆ 1 (ತಿನ್ನೋರಿಗೆ). ಮೇಲೆ ಉದುರಿಸೋಕೆ ಬಿಳಿ ಎಳ್ಳು ಮತ್ತು ಕಲೋಂಜಿ (ಕೃಷ್ಣ ಜೀರಿಗೆ). ಇಷ್ಟರಲ್ಲಿ 30 ಸೆಂ.ಮೀ. ಅಗಲದ ಒಂದು ರೌಂಡ್ ಟ್ರೇ ಆಗತ್ತೆ, ಓಟಿಜಿ (ಕರೆಂಟಿನ ಸಣ್ಣ ಓವನ್) ಚಿಕ್ಕದಾದ್ರೆ 20-22 ಸೆಂ.ಮೀ.ನ ಎರಡು ಕೇಕ್ ಟಿನ್‌ಗೆ ಹಂಚಿ, ಆರು ಜನ ಹೊಟ್ಟೆ ತುಂಬ ತಿನ್ನಬಹುದು.

ಹಿಟ್ಟು

ಮೈದಾ ಉಪ್ಪು ಕಲಸಿ, ಎಣ್ಣೆ ವಿನೆಗರ್ ಹಾಕಿ, ನೀರು ಸ್ವಲ್ಪ ಸ್ವಲ್ಪವಾಗಿ ಸೇರಿಸ್ತಾ ಚಪಾತಿ ಹಿಟ್ಟಿಗಿಂತ ಒಂದು ಹದ ಮೆತ್ತಗೆ ಕಲಸ್ಕೊಳ್ಳಿ, ಆಮೇಲೆ 10 ನಿಮಿಷ ಗಡಿಯಾರ ನೋಡ್ಕೊಂಡು ಚೆನ್ನಾಗಿ ನಾದಿ, ಇಲ್ಲಿ ಅವಸರ ಮಾಡಿದ್ರೆ ಲಟ್ಟಿಸೋವಾಗ ಹಿಟ್ಟು ರಬ್ಬರ್ ಥರ ಹಿಂದಕ್ಕೆ ಎಳ್ಕೊಳ್ಳತ್ತೆ. ಮುಟ್ಟಿದ್ರೆ ನಯವಾಗಿರ್ಬೇಕು, ಬೆರಳಲ್ಲಿ ಒತ್ತಿದ್ರೆ ನಿಧಾನಕ್ಕೆ ಮೇಲೇಳ್ಬೇಕು. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಗೋಧಿ ಹಿಟ್ಟಲ್ಲಿ ಮಾಡ್ಬಹುದಾ ಅಂತ ಕೇಳೋರಿಗೆ, ಕಾಲು ಭಾಗ ಸೇರಿಸಿದ್ರೆ ಪರ್ವಾಗಿಲ್ಲ, ಪೂರ್ತಿ ಗೋಧಿ ಹಿಟ್ಟಾದ್ರೆ ಅದ್ರಲ್ಲಿರೋ ತವುಡು ಹಿಟ್ಟಿನ ಜಿಗುಟನ್ನ ತುಂಡು ತುಂಡು ಮಾಡತ್ತೆ, ತೆಳ್ಳಗೆ ಎಳೆಯೋಕೆ ಬರೋದಿಲ್ಲ.

ಅರ್ಧ ಗಂಟೆ ಆದ್ಮೇಲೆ 6 ಸಮ ಉಂಡೆ ಮಾಡಿ, ಒಂದೊಂದೂ ಸುಮಾರು 110 ಗ್ರಾಂ ಬರತ್ತೆ. ಅಗಲ ತಟ್ಟೇಲಿ ಎಣ್ಣೆ ಹುಯ್ದು ಉಂಡೆಗಳನ್ನ ಹೊರಳಿಸಿ, ಸ್ವಲ್ಪ ತಟ್ಟಿ ಚಪ್ಪಟೆ ಮಾಡಿ, ಮುಚ್ಚಿ ಇನ್ನೊಂದು ಮುಕ್ಕಾಲು ಗಂಟೆ ಇಡಿ. ಹೋಳಿಗೆಗೆ ಕಣಕ ಎಣ್ಣೇಲಿ ನೆನೆಸಿಡ್ತೀವಲ್ಲ, ಅದೇ ಕೆಲಸ ಇಲ್ಲೂ ನಡಿಯೋದು. ಟರ್ಕೀಲಿ ಇದನ್ನ ಎಲ್ ಅಚ್ಮಾಸಿ, ಅಂದ್ರೆ ಕೈಯಲ್ಲೇ ಬಿಡಿಸೋ ಬೋರೆಕ್ ಅಂತಾರೆ, ಓಕ್ಲಾವಾ ಹಿಡಿಯೋಕೆ ಬರದೇ ಇರೋ ನಮ್ಮಂಥೋರಿಗೆ ಇದೇ ಸರಿಯಾದ ದಾರಿ. ಹಿಟ್ಟು ನೆನೀತಿರೋ ಹೊತ್ತಲ್ಲಿ ಸೊಪ್ಪಿನ ಕೆಲಸ ಮುಗಿಸ್ಕೊಳ್ಳಿ.

ಸೊಪ್ಪು, ಇಲ್ಲಿ ಜಾಸ್ತಿ ಹೊತ್ತು ಕೊಡಿ

ಪಾಲಕ್‌ನಲ್ಲಿ ನೂರಕ್ಕೆ 90 ಭಾಗ ನೀರೇ ಇರೋದು. 600 ಗ್ರಾಂ ಸೊಪ್ಪು ಅಂದ್ರೆ ಅರ್ಧ ಲೀಟರ್‌ಗಿಂತ ಜಾಸ್ತಿ ನೀರನ್ನ ಎಲೆಯಲ್ಲಿಟ್ಕೊಂಡು ಅಡುಗೆಮನೆಗೆ ತಂದ ಹಾಗೆ. ಅದನ್ನ ಈಗ ಹೊರಗೆ ಹಾಕಿದ್ರೆ ಆಯ್ತು, ಇಲ್ಲಾಂದ್ರೆ ಓವನ್ ಬಿಸಿಗೆ ಅದು ಟ್ರೇ ಒಳಗೇ ಬಿಟ್ಕೊಳ್ಳತ್ತೆ.

ಮೊದ್ಲು ತೊಳೆಯೋದು. ದೊಡ್ಡ ಪಾತ್ರೇಲಿ ನೀರು ತುಂಬಿ ಸೊಪ್ಪು ಮುಳುಗಿಸಿ, ಕೈಯಾಡಿಸಿ, ಎರಡು ನಿಮಿಷ ಬಿಟ್ಟು ಸೊಪ್ಪನ್ನ ಮೇಲಿಂದ ಎತ್ತಿ ತೆಗೀರಿ. ಪಾತ್ರೆ ಬಗ್ಗಿಸಿ ಸೊಪ್ಪಿನ ಮೇಲೇ ನೀರು ಬಸೀಬೇಡಿ, ತಳಕ್ಕಿಳಿದ ಮಣ್ಣು ಮತ್ತೆ ಸೊಪ್ಪಿಗೇ ಬರತ್ತೆ. ಮರಳು ಬರೋದು ನಿಲ್ಲೋವರೆಗೂ ಹೀಗೇ ಮಾಡಿ. ಆಮೇಲೆ ದಪ್ಪ ದಂಟು ತೆಗೆದು, ಹಳೇ ಕಾಟನ್ ಪಂಚೆ ಮೇಲೆ ಹರಡಿ ಫ್ಯಾನ್ ಕೆಳಗೆ ಆರಿಸಿ.

ನಮ್ಮ ಮಾರ್ಕೆಟ್‌ನಲ್ಲಿ ಪಾಲಕ್ ಅಂತ ಸಿಗೋದು ಎಷ್ಟೋ ಸಲ ಟರ್ಕಿಯ ಇಸ್ಪನಾಕ್ (ಇಂಗ್ಲಿಷ್‌ನ ಸ್ಪಿನಾಚ್) ಅಲ್ಲ, ಅದು ಬೀಟ್‌ರೂಟ್ ಜಾತಿಗೆ ಸೇರಿದ ಸೊಪ್ಪು. ಬೇಜಾರೇನಿಲ್ಲ, ಟರ್ಕೀಲಿ ಅದೇ ಜಾತಿಯ ಪಾಜಿ ಅನ್ನೋ ಸೊಪ್ಪಲ್ಲೂ ಬೋರೆಕ್ ಮಾಡ್ತಾರೆ. ಇಸ್ಪನಾಕ್‌ಗಿಂತ ನಮ್ಮದರ ಎಲೆ ಸ್ವಲ್ಪ ದಪ್ಪ, ದಂಟು ಗಟ್ಟಿ, ಅದಕ್ಕೇ ದಂಟು ತೆಗೀಬೇಕು ಅಂತ ಒತ್ತಿ ಹೇಳಿದ್ದು. ಸಬ್ಬಸಿಗೆ ಸೊಪ್ಪು ಸಿಕ್ಕಿದ್ರೆ ಒಂದು ಹಿಡಿ ಸಣ್ಣಗೆ ಹೆಚ್ಚಿ ಸೇರಿಸಿ, ಟರ್ಕೀಲೂ ಸಬ್ಬಸಿಗೆ, ಪಾರ್ಸ್ಲೀ ಸೇರಿಸೋರು ಇದ್ದಾರೆ, ಬಿಳಿ ಚೀಸ್ ಜೊತೆ ಸಬ್ಬಸಿಗೆ ಸೇರಿದ್ರೆ ಬರೋ ಪರಿಮಳ ಬೇರೇನೇ. ಮೆಂತ್ಯ ಸೊಪ್ಪು ಮಾತ್ರ ಬೇಡ, ಅದ್ರ ಕಹಿ ಎಲ್ಲಾನೂ ಮುಚ್ಚಿಹಾಕತ್ತೆ.

ನೀರು ತೆಗೆಯೋಕೆ ಎರಡು ದಾರಿ. ಟರ್ಕಿಯ ಅಡುಗೆಮನೆಗಳಲ್ಲಿ ಎರಡೂ ನಡೆಯತ್ತೆ, ಎರಡಕ್ಕೂ ಅದರದೇ ಪಕ್ಷದವರಿದ್ದಾರೆ.

ಒಂದು, ಹಸಿ ಸೊಪ್ಪಿನ ದಾರಿ. ಸೊಪ್ಪನ್ನ ಬೆರಳಗಲ ಹೆಚ್ಚಿ, ಸಣ್ಣಗೆ ಹೆಚ್ಚಿದ ಈರುಳ್ಳಿ ಜೊತೆ ಒಂದು ಟೀ ಚಮಚ ಉಪ್ಪು ಹಾಕಿ ಕೈಯಲ್ಲಿ ಹಿಸುಕಿ ಹಿಸುಕಿ ಕಲಸಿ, 15 ನಿಮಿಷ ಬಿಡಿ. ಉಪ್ಪು ನೀರನ್ನ ಹೊರಗೆ ಎಳೆಯತ್ತೆ, ಪಾತ್ರೆ ತುಂಬ ಇದ್ದ ಸೊಪ್ಪು ಒಂದು ಮುಷ್ಟಿ ಎರಡು ಮುಷ್ಟಿ ಆಗಿಬಿಡತ್ತೆ. ಈಗ ಒಂದೊಂದು ಹಿಡಿ ತಗೊಂಡು ಎರಡೂ ಕೈಯಲ್ಲಿ ಹಿಂಡಿ. ಮೊದ್ಲು ಹಸಿರು ನೀರು ಧಾರೆಯಾಗಿ ಬರತ್ತೆ, ಆಮೇಲೆ ಹನಿ ಹನಿ, ಆಮೇಲೆ ಬೆರಳ ಸಂದೀಲಿ ಬರೀ ನೊರೆ ಕಾಣತ್ತೆ, ಅಲ್ಲಿವರೆಗೂ ಹಿಂಡ್ಬೇಕು. ಇದ್ರಲ್ಲಿ ಸೊಪ್ಪಿನ ರುಚಿ ತಾಜಾ ಇರತ್ತೆ, ಬಣ್ಣ ಹಸಿರಾಗೇ ಉಳಿಯತ್ತೆ.

ಇನ್ನೊಂದು, ಬಾಡಿಸೋ ದಾರಿ. ಅಗಲ ಬಾಣಲೇಲಿ ಎಣ್ಣೆ ಬಿಸಿ ಮಾಡಿ ಈರುಳ್ಳಿ ಮೆತ್ತಗಾಗೋವರೆಗೆ ಹುರಿದು, ಜೋರು ಉರೀಲಿ ಸೊಪ್ಪು ಹಾಕಿ, ಮುಚ್ಚಳ ಮುಚ್ಚದೆ, ನೀರು ಬಿಟ್ಟು ಆ ನೀರು ಪೂರ್ತಿ ಇಂಗೋವರೆಗೂ ಕೈಯಾಡಿಸಿ. ಬಾಣಲೆ ತಳದಲ್ಲಿ ಸೌಟು ಎಳೆದ್ರೆ ಹಿಂದೆ ನೀರು ಓಡಿ ಬರ್ಬಾರ್ದು. ಉಪ್ಪು ಕೊನೇಲಿ ಹಾಕಿ. ಆಮೇಲೆ ಜಾಲರಿಗೆ ಹಾಕಿ ಪೂರ್ತಿ ತಣಿಸಿ, ಬಿಸಿ ಸೊಪ್ಪು ಹಸಿ ಹಾಳೆ ಮೇಲೆ ಹಾಕಿದ್ರೆ ಹಬೆಗೆ ಹಾಳೆ ಅಂಟಂಟಾಗಿ ಹರಿಯತ್ತೆ.

ನನ್ನ ಆಯ್ಕೆ ಕೇಳಿದ್ರೆ, ನಮ್ಮ ದಪ್ಪ ಪಾಲಕ್‌ಗೆ ಬಾಡಿಸೋದೇ ಒಳ್ಳೇದು, ಎಳೇ ಸೊಪ್ಪು ಸಿಕ್ಕಿದ್ರೆ ಹಸೀದೇ ಹಾಕಿ.

ಚೀಸ್

ಅಲ್ಲಿ ಹಾಕೋದು ಬೆಯಾಜ್ ಪೆಯ್ನಿರ್, ಕುರಿ ಅಥವಾ ಮೇಕೆ ಅಥವಾ ಹಸುವಿನ ಹಾಲಿನ, ಉಪ್ಪುನೀರಲ್ಲಿ ಇಟ್ಟ ಬಿಳಿ ಚೀಸ್. ಚನಕ್ಕಲೆ ಕಡೆಯ ಎಜಿನೆ ಊರಿನ ಚೀಸ್‌ಗೆ ಒಳ್ಳೆ ಹೆಸರಿದೆ. ಉಪ್ಪು ಕಮ್ಮಿ ಬೇಕಂದ್ರೆ ಲೋರ್ ಅನ್ನೋ ಪುಡಿಪುಡಿ ಚೀಸ್ ಬೆರೆಸ್ತಾರೆ. ನಮ್ಮಲ್ಲಿ ದೊಡ್ಡ ಅಂಗಡಿಗಳಲ್ಲಿ ಫೆಟಾ ಅನ್ನೋ ಗ್ರೀಸ್‌ನ ಬಿಳಿ ಚೀಸ್ ಸಿಗತ್ತೆ, ಅದು ಸರಿಹೋಗತ್ತೆ, ತುಂಬಾ ಉಪ್ಪು ಅನ್ನಿಸಿದ್ರೆ ಅರ್ಧ ಗಂಟೆ ನೀರಲ್ಲಿ ನೆನೆಸಿ ಹಿಂಡಿ ತೆಗೀರಿ. ಶುದ್ಧ ಸಸ್ಯಾಹಾರಿಗಳು ಪ್ಯಾಕೆಟ್ ಮೇಲೆ ರೆನೆಟ್ (ಚೀಸ್‌ಗೆ ಹಾಲು ಗಟ್ಟಿ ಮಾಡೋಕೆ ಹಾಕೋದು) ಯಾವ ಮೂಲದ್ದು ಅಂತ ಓದಿ ತಗೊಳ್ಳಿ, ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿದ ಚೀಸ್‌ಗಳೂ ಇರ್ತವೆ.

ಫೆಟಾ ದುಬಾರಿ, ಬೇಡ ಅನ್ನೋರಿಗೆ ಪನ್ನೀರ್ ಇದೆ, ಅದು ಹುಳಿ ಹಾಕಿ ಒಡೆಸಿದ್ದು, ರೆನೆಟ್ ತಲೆನೋವಿಲ್ಲ. ಆದ್ರೆ ಬರೀ ಪನ್ನೀರ್ ಹಾಕಿದ್ರೆ ಸಪ್ಪೆ. 200 ಗ್ರಾಂ ಪನ್ನೀರ್ ಪುಡಿ ಮಾಡಿ, ಮುಕ್ಕಾಲು ಟೀ ಚಮಚ ಉಪ್ಪು, ಬಟ್ಟೇಲಿ ಕಟ್ಟಿ ನೀರು ಬಸಿದ ಹುಳಿ ಮೊಸರು 3 ಟೇಬಲ್ ಚಮಚ ಸೇರಿಸಿ ಕಲಸಿ ಫ್ರಿಜ್‌ನಲ್ಲಿ ಒಂದು ಗಂಟೆ ಇಟ್ರೆ ಹುಳಿ ಉಪ್ಪು ಎರಡೂ ಹಿಡಿಯತ್ತೆ. ಮೊಸರು ಬಸೀದೇ ಹಾಕ್ಬೇಡಿ, ಮತ್ತೆ ನೀರು. ಪಿಜ್ಜಾಗೆ ಹಾಕೋ ಮೊಜ್ಜರೆಲ್ಲಾ ಹಾಕೋದನ್ನ ನೋಡಿದ್ದೀನಿ, ಎಳೆ ಎಳೆಯಾಗಿ ಬರತ್ತೆ ಸರಿ, ಆದ್ರೆ ಬೋರೆಕ್‌ಗೆ ಬೇಕಾದ ಉಪ್ಪು ಹುಳಿ ಕಚ್ಚು ಅದ್ರಲ್ಲಿ ಇಲ್ಲ.

ತಣ್ಣಗಾದ ಸೊಪ್ಪು, ಚೀಸ್, ಮೆಣಸು, ಚಿಲ್ಲಿ ಫ್ಲೇಕ್ಸ್ ಎಲ್ಲಾ ಸೇರಿಸಿ ರುಚಿ ನೋಡಿ. ಉಪ್ಪು ಒಂಚೂರು ಮುಂದಿದೆ ಅನ್ನಿಸ್ಬೇಕು, ಹಾಳೇಲಿ ಸುತ್ತಿದ್ಮೇಲೆ ಸರಿಯಾಗತ್ತೆ. ಜೀರಿಗೆ, ಗರಂ ಮಸಾಲಾ, ಬೆಳ್ಳುಳ್ಳಿ ಹಾಕೋ ಆಸೆ ಎಲ್ಲರಿಗೂ ಆಗತ್ತೆ, ದಯವಿಟ್ಟು ಮೊದಲನೇ ಸಲ ಹಾಕ್ದೆ ಮಾಡಿ, ಇದ್ರ ಸೊಗಸಿರೋದೇ ಸೊಪ್ಪು ಬೆಣ್ಣೆ ಚೀಸ್ ಮೂರರ ರುಚಿ ಬೇರೆ ಬೇರೆಯಾಗಿ ಗೊತ್ತಾಗೋದ್ರಲ್ಲಿ.

ಸವರೋ ಮಿಶ್ರಣ

ಎಣ್ಣೆ, ಬೆಣ್ಣೆ, ಹಾಲು, ಮೊಸರು, ಮೊಟ್ಟೆಯ ಬಿಳಿ ಭಾಗ ಎಲ್ಲಾ ಒಂದು ಬಟ್ಟಲಲ್ಲಿ ಚೆನ್ನಾಗಿ ಬೀಟ್ ಮಾಡಿ, ಹಳದಿ ಭಾಗ ಮೇಲೆ ಬಳಿಯೋಕೆ ತೆಗೆದಿಡಿ. ಹಾಲು ಮೊಸರು ಫ್ರಿಜ್‌ನಿಂದ ತೆಗೆದು ಹಾಗೇ ಹಾಕಿದ್ರೆ ಬೆಣ್ಣೆ ಗಂಟು ಕಟ್ಟತ್ತೆ, ಸ್ವಲ್ಪ ಹೊತ್ತು ಹೊರಗಿಟ್ಟು ಬಳಸಿ. ಮೊಟ್ಟೆ ಬೇಡ ಅಂದ್ರೆ ಒಂದು ಚಮಚ ಮೊಸರು ಜಾಸ್ತಿ ಹಾಕಿ, ಮೇಲೆ ಬಳಿಯೋಕೆ ಮೊಸರು ಎಣ್ಣೆ ಸಮ ಸಮ ಕಲಸ್ಕೊಳ್ಳಿ, ಬಣ್ಣ ಒಂದು ಶೇಡ್ ಕಮ್ಮಿ ಬರತ್ತೆ ಅಷ್ಟೇ, ರುಚಿಗೆ ಏನೂ ಕೊರತೆ ಇಲ್ಲ.

ಇಲ್ಲೊಂದು ಸೂಕ್ಷ್ಮ ಇದೆ, ವಿಡಿಯೋ ನೋಡಿ ಮಾಡೋರು ಎಡವೋದು ಇಲ್ಲೇ. ಟರ್ಕಿ ವಿಡಿಯೋಗಳಲ್ಲಿ ಲೋಟಗಟ್ಟಲೆ ಹಾಲು ಸುರೀತಾರೆ, ಅದು ಅಂಗಡಿಯಿಂದ ತಂದ ಯುಫ್ಕಾಗೆ, ಆ ಹಾಳೆ ಮೊದ್ಲೇ ಬಿಸಿ ಕಂಡು ಒಣಗಿರತ್ತೆ, ಎಷ್ಟು ಹಾಲು ಕೊಟ್ರೂ ಕುಡಿಯತ್ತೆ. ನಾವು ಮನೇಲಿ ಎಳೆದ ಹಸಿ ಹಾಳೇಲಿ ನೀರು ಆಗ್ಲೇ ಇದೆ, ಅದಕ್ಕೆ ಬೇಕಾಗಿರೋದು ಜಿಡ್ಡು. ಅದಕ್ಕೇ ಮೇಲಿನ ಅಳತೇಲಿ ಎಣ್ಣೆ ಬೆಣ್ಣೆ ಜಾಸ್ತಿ, ಹಾಲು ಕಮ್ಮಿ.

ಹಾಳೆ ಎಳೆದು ಸುತ್ತೋದು

ಗ್ರಾನೈಟ್ ಕಟ್ಟೆ ಅಥವಾ ಊಟದ ಟೇಬಲ್ ಒರೆಸಿ, ಎಣ್ಣೆ ಕೈಯಾಡಿಸಿ. ಕೈಗೆ ಉಂಗುರ ಇದ್ರೆ ತೆಗೆದಿಡಿ, ಉಗುರೂ ಕತ್ತರಿಸ್ಕೊಂಡಿರಿ. ಒಂದು ಉಂಡೆನ ಲಟ್ಟಣಿಗೇಲಿ ತಟ್ಟೆಯಗಲ, ಅಂದ್ರೆ 25 ಸೆಂ.ಮೀ. ಲಟ್ಟಿಸಿ. ಅಲ್ಲಿಂದ ಕೈ ಕೆಲಸ. ಅಂಚಿನ ಕೆಳಗೆ ಬೆರಳು ತೂರಿಸಿ, ಅಂಗೈ ಮೇಲಕ್ಕೆ ಮಾಡಿ, ನಿಧಾನಕ್ಕೆ ನಿಮ್ಮ ಕಡೆ ಎಳೀರಿ, ಎಳೆದು ಟೇಬಲ್‌ಗೆ ಅಂಟಿಸಿ, ಒಂದು ಹೆಜ್ಜೆ ಪಕ್ಕಕ್ಕೆ ಹೋಗಿ ಮತ್ತೆ ಎಳೀರಿ. ಒಂದೇ ಕಡೆ ಜೋರಾಗಿ ಎಳೀದೆ ಸುತ್ತ ತಿರುಗ್ತಾ ಬಂದ್ರೆ ಎರಡು ಸುತ್ತಲ್ಲಿ 40 ಸೆಂ.ಮೀ. ದಾಟತ್ತೆ. ಕೆಳಗಿನ ಕಲ್ಲಿನ ಚುಕ್ಕೆ ಹಾಳೆ ಮೂಲಕ ಮಸುಕಾಗಿ ಕಂಡ್ರೆ ಸಾಕು, ಬಕ್ಲಾವಾ ಅನ್ನೋ ಸಿಹಿತಿಂಡಿಯ ಹಾಳೆಯಷ್ಟು ತೆಳುಪು ಇದಕ್ಕೆ ಬೇಕಿಲ್ಲ. ಹಿಂದಕ್ಕೆ ಎಳ್ಕೊಳ್ತಿದ್ರೆ ಬಲವಂತ ಮಾಡ್ಬೇಡಿ, ಅದನ್ನ ಹಾಗೇ ಬಿಟ್ಟು ಇನ್ನೊಂದು ಉಂಡೆ ತಗೊಳ್ಳಿ, ಐದು ನಿಮಿಷಕ್ಕೆ ಅದೇ ಸಡಿಲ ಆಗತ್ತೆ. ಅಂಚು ದಪ್ಪ ಉಳಿದಿದ್ರೆ ಚಾಕುವಲ್ಲಿ ಕತ್ತರಿಸಿ ತೆಗೀರಿ, ಬೇಯೋದು ತಡ ಆಗೋದು ಅಲ್ಲೇ.

ಈಗ 2 ಟೇಬಲ್ ಚಮಚ ಮಿಶ್ರಣ ಹಾಕಿ ಬ್ರಶ್‌ನಲ್ಲೋ ಕೈಯಲ್ಲೋ ಹಾಳೆ ಪೂರ್ತಿ ಸವರಿ, ಎಲ್ಲೂ ಒಣ ಜಾಗ ಬಿಡ್ಬೇಡಿ, ಎಲ್ಲೂ ಮಡುಗಟ್ಟಿ ನಿಲ್ಲೋಕೂ ಬಿಡ್ಬೇಡಿ. ಹೂರಣದಲ್ಲಿ ಆರನೇ ಒಂದು ಭಾಗ ತಗೊಂಡು, ಅದ್ರಲ್ಲಿ ಹೆಚ್ಚಿನದನ್ನ ನಿಮ್ಮ ಕಡೆಯ ಅಂಚಿನುದ್ದಕ್ಕೂ ಎರಡು ಬೆರಳಗಲ ಸಾಲು ಹಾಕಿ, ಉಳಿದ ಸ್ವಲ್ಪನ ಹಾಳೆ ಮೇಲೆ ಅಲ್ಲಲ್ಲಿ ಚದುರಿಸಿ. ಹಾಗೆ ಚದುರಿಸೋದ್ರಿಂದ ಕಚ್ಚಿದಾಗ ಒಂದೊಂದು ಪದರದಲ್ಲೂ ಸೊಪ್ಪು ಸಿಗತ್ತೆ, ನಡುವೆ ಮಾತ್ರ ಗುಡ್ಡೆಯಾಗಿ ಕೂರೋದಿಲ್ಲ. ಅಂಚು ಮಡಚಿ ಸಡಿಲವಾಗಿ ಸುತ್ತಿ, ಬಿಗಿಯಾಗಿ ಸುತ್ತಿದ್ರೆ ಬೇಯೋವಾಗ ಹಬೆಗೆ ಜಾಗ ಇಲ್ದೆ ಸೀಳತ್ತೆ. ಆ ಉದ್ದ ಸುರುಳಿನ ಎಣ್ಣೆ ಸವರಿದ ಟ್ರೇ ನಡುವೆ ಬಸವನಹುಳು ಥರ ಸುತ್ತಿ, ಮುಂದಿನದ್ದನ್ನ ಅದ್ರ ಬಾಲಕ್ಕೆ ಸೇರಿಸಿ ಹಾಗೇ ಹೊರಕ್ಕೆ ಬೆಳೆಸ್ತಾ ಹೋಗಿ, ಅಂಟಿಸೋ ಸುತ್ತುಗಳ ನಡುವೆ ಚೂರೇಚೂರು ಸಂದಿ ಇರ್ಲಿ, ಹಿಟ್ಟು ಉಬ್ಬತ್ತೆ. ಇನ್ನೂ ಸುತ್ತದ ಉಂಡೆಗಳ ಮೇಲೆ ಬಟ್ಟೆ ಮುಚ್ಚಿರಿ.

ಎಲ್ಲಾ ಆದ್ಮೇಲೆ ಉಳಿದ ಮಿಶ್ರಣ ಇದ್ರೆ ಮೇಲೆ ಹುಯ್ದು, ಹಳದಿ ಬಳಿದು, ಎಳ್ಳು ಕಲೋಂಜಿ ಉದುರಿಸಿ, 15 ನಿಮಿಷ ಹಾಗೇ ಬಿಡಿ.

ಬೇಯಿಸೋದು

ಓವನ್ 190 ಡಿಗ್ರಿಗೆ ಮೊದ್ಲೇ ಬಿಸಿ ಇರ್ಬೇಕು, ಓಟಿಜಿಲಿ ಕೆಳಗಿನ ಮೇಲಿನ ಎರಡೂ ರಾಡ್ ಆನ್ ಮಾಡಿ, ಮಧ್ಯದ ರ‍್ಯಾಕ್‌ಗಿಂತ ಒಂದು ಮೆಟ್ಟಿಲು ಕೆಳಗೆ ಟ್ರೇ ಇಡಿ, ಯಾಕಂದ್ರೆ ಇಲ್ಲಿ ತಳ ಬೇಯೋದೇ ಕಷ್ಟ, ಮೇಲೆ ತಾನಾಗೇ ಬಣ್ಣ ಬರತ್ತೆ. 35ರಿಂದ 45 ನಿಮಿಷ. ಬಣ್ಣ ತಿಳಿ ಹೊಂಬಣ್ಣ ಬಂದಾಗ ಆಯ್ತು ಅಂತ ತೆಗೀಬೇಡಿ, ಆಗ ಒಳಗಿನ ಪದರ ಇನ್ನೂ ಹಸಿ. ಗಾಢ ಕೆಂಪಗಾಗ್ಲಿ. ಚಾಕು ತುದೀಲಿ ಒಂದು ಸುತ್ತನ್ನ ಎತ್ತಿ ತಳ ನೋಡಿ, ಅಲ್ಲೂ ಕಂದು ಬಣ್ಣ ಬಂದಿದ್ರೆ ತೆಗೀರಿ. ಮೇಲೆ ಬೇಗ ಕಪ್ಪಾಗ್ತಿದ್ರೆ ಫಾಯಿಲ್ ಹೊದಿಸಿ ಮುಂದುವರಿಸಿ. ಸ್ಟೀಲ್ ಅಥವಾ ಅಲ್ಯೂಮಿನಿಯಂ ಟ್ರೇ ಒಳ್ಳೇದು, ಗಾಜಿನದ್ದು ಬಿಸಿಯಾಗೋದು ನಿಧಾನ, 5-10 ನಿಮಿಷ ಜಾಸ್ತಿ ಹಿಡಿಯತ್ತೆ.

ಓವನ್ ಇಲ್ಲದೋರು ಬಿಟ್ಟುಬಿಡ್ಬೇಡಿ, ಬಾಣಲೇಲಿ ಬೋರೆಕ್ ಮಾಡೋದು ಟರ್ಕೀಲೂ ದಿನನಿತ್ಯದ ರೂಢಿ. ದಪ್ಪ ತಳದ ನಾನ್‌ಸ್ಟಿಕ್ ಪ್ಯಾನ್‌ನಲ್ಲಿ ಬೆಣ್ಣೆ ಸವರಿ, ಅದೇ ಥರ ಸುರುಳಿ ಜೋಡಿಸಿ, ಸಣ್ಣ ಉರಿ, ಮುಚ್ಚಳ, 12 ನಿಮಿಷ. ಆಮೇಲೆ ಚಪ್ಪಟೆ ತಟ್ಟೆ ಮುಚ್ಚಿ ಪ್ಯಾನ್ ಮಗುಚಿ, ಪ್ಯಾನ್‌ಗೆ ಮತ್ತೆ ಬೆಣ್ಣೆ ಹಾಕಿ ಬೋರೆಕ್‌ನ ಜಾರಿಸಿ ಇಳಿಸಿ, ಈ ಕಡೆ ಮುಚ್ಚಳ ಇಲ್ದೆ 10 ನಿಮಿಷ. ಹೂರಣ ಅರ್ಧ, ಹಾಳೆ ಮೂರೇ ಹಾಕಿ, ಪ್ಯಾನ್‌ನಲ್ಲಿ ದಪ್ಪ ಆದ್ರೆ ನಡುವೆ ಬೇಯೋದಿಲ್ಲ.

ಓವನ್‌ನಿಂದ ತೆಗೆದ ತಕ್ಷಣ ಏನು ಮಾಡ್ತೀರಿ ಅನ್ನೋದ್ರ ಮೇಲೆ ಮೇಲ್ಪದರ ಹೇಗಿರತ್ತೆ ಅನ್ನೋದು ನಿಂತಿದೆ. ಗರಿಗರಿ ಬೇಕಾ, ಜಾಲರಿ ಮೇಲೆ ಎತ್ತಿಟ್ಟು ಬಿಟ್ಬಿಡಿ. ಮೆತ್ತಗೆ ಬೇಕಾ, ಒಣ ಕಾಟನ್ ಬಟ್ಟೆ 10 ನಿಮಿಷ ಮುಚ್ಚಿ. ವಯಸ್ಸಾದೋರು ಮಕ್ಕಳು ತಿನ್ನೋದಾದ್ರೆ ಮೆತ್ತಗಿನದ್ದೇ ಒಳ್ಳೇದು. ಎರಡರಲ್ಲೂ ಕತ್ತರಿಸೋ ಮುಂಚೆ 10-15 ನಿಮಿಷ ತಡೀರಿ, ಚೀಸ್ ಸ್ವಲ್ಪ ಗಟ್ಟಿಯಾಗ್ಲಿ.

ಫ್ರೋಜನ್ ಫಿಲೋ ಹಾಳೇಲಿ ಮಾಡೋದಾದ್ರೆ

ದೊಡ್ಡ ಊರುಗಳಲ್ಲಿ ಫಿಲೋ ಅನ್ನೋ ರೆಡಿಮೇಡ್ ಮೈದಾ ಹಾಳೆ ಸಿಗತ್ತೆ, ವಿದೇಶದಲ್ಲಿರೋ ನಮ್ಮೋರಿಗೆ ಟರ್ಕಿಶ್ ಅಂಗಡಿ ಹತ್ರ ಇದ್ರೆ ಯುಫ್ಕಾನೇ ಸಿಗತ್ತೆ, ಅದೇ ತಗೊಳ್ಳಿ. ಫಿಲೋ ಯುಫ್ಕಾಗಿಂತ ತುಂಬಾ ತೆಳು. ಹಿಂದಿನ ರಾತ್ರಿ ಫ್ರೀಜರ್‌ನಿಂದ ಫ್ರಿಜ್‌ಗೆ ಇಳಿಸಿ, ಪ್ಯಾಕೆಟ್ ಬಿಚ್ಚಿದ್ಮೇಲೆ ಒದ್ದೆ ಬಟ್ಟೆ ಮುಚ್ಚಿಟ್ಕೊಳ್ಳಿ. ಇದಕ್ಕೆ ಹಾಲು 200 ಮಿಲಿವರೆಗೂ ಹೆಚ್ಚಿಸಿ. ಚೌಕ ಟ್ರೇಲಿ ಆರು ಹಾಳೆ ಒಂದೊಂದಕ್ಕೂ ಮಿಶ್ರಣ ಸವರಿ ಹಾಸಿ, ಹೂರಣ ಹರಡಿ, ಮೇಲೆ ಇನ್ನಾರು ಅದೇ ಥರ. ಬೇಯಿಸೋ ಮುಂಚೆನೇ ಚೌಕ ಚೌಕ ಕತ್ತರಿಸಿ, ಬೆಂದ್ಮೇಲೆ ಕತ್ತರಿಸಿದ್ರೆ ಮೇಲಿನ ಪದರ ಪುಡಿಪುಡಿ ಆಗತ್ತೆ. ಉಳಿದ ಮಿಶ್ರಣನ ಆ ಗೀಟುಗಳ ಒಳಗೆ ಹುಯ್ದು, ಟೈಮ್ ಇದ್ರೆ ರಾತ್ರಿ ಪೂರ್ತಿ ಫ್ರಿಜ್‌ನಲ್ಲಿಟ್ಟು ಬೆಳಗ್ಗೆ ಬೇಯಿಸಿ, ಹಾಳೆ ಹಾಲು ಕುಡಿದು ಒಳಗೆ ಮೃದುವಾಗಿ ಬರತ್ತೆ. ಮನೇಲಿ ಎಳೆದ ಹಸಿ ಹಾಳೇದನ್ನ ಮಾತ್ರ ಹೀಗೆ ರಾತ್ರಿ ಇಡ್ಬೇಡಿ, ಹಿಟ್ಟೆಲ್ಲಾ ಒಂದಕ್ಕೊಂದು ಅಂಟಿ ಮುದ್ದೆಯಾಗತ್ತೆ.

ತಿನ್ನೋದು, ಎತ್ತಿಡೋದು

ಟರ್ಕೀಲಿ ಇದ್ರ ಜೊತೆ ಸೊಂಟ ಸಣ್ಣಗಿರೋ ಪುಟ್ಟ ಗಾಜಿನ ಲೋಟದಲ್ಲಿ ಹಾಲಿಲ್ಲದ ಕಡು ಚಹಾ ಕೊಡ್ತಾರೆ, ಇಲ್ಲಾಂದ್ರೆ ಐರಾನ್, ಅದು ಮೊಸರಿಗೆ ನೀರು ಉಪ್ಪು ಹಾಕಿ ನೊರೆ ಬರೋ ಹಾಗೆ ಕಡೆದ ತಂಪು ಪಾನೀಯ. ಒಗ್ಗರಣೆ ಹಾಕದ ನೀರು ಮಜ್ಜಿಗೆಗಿಂತ ಒಂಚೂರು ಗಟ್ಟಿಯಾಗಿ ಮಾಡ್ಕೊಳ್ಳಿ ಸಾಕು. ಟೊಮ್ಯಾಟೋ, ಸೌತೆಕಾಯಿ ಹೋಳು ಪಕ್ಕದಲ್ಲಿರ್ಲಿ. ಕೆಚಪ್ ಬೇಡ, ಅದ್ರ ಸಿಹಿ ಚೀಸ್‌ನ ರುಚಿನ ಕೊಂದುಬಿಡತ್ತೆ.

ಉಳಿದಿದ್ದು ತಣ್ಣಗಾದ್ಮೇಲೆ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಟ್ರೆ ಎರಡು ದಿನ ಚೆನ್ನಾಗಿರತ್ತೆ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದ್ರೆ ಹಾಳೆ ಚರ್ಮದ ಹಾಗಾಗತ್ತೆ, ಒಣ ಕಾವಲಿ ಮೇಲೆ ಸಣ್ಣ ಉರೀಲಿ ಎರಡೂ ಕಡೆ ಬಿಸಿ ಮಾಡಿ. ಫ್ರೀಜ್ ಮಾಡೋದಾದ್ರೆ ಬೇಯಿಸೋ ಮುಂಚೆನೇ ಮಾಡಿ, ಒಂದೊಂದು ಹಾಳೆಯ ಸುರುಳಿನ ಬೇರೆ ಬೇರೆ ಪುಟ್ಟ ಬಸವನಹುಳು ಮಾಡಿ, ತಟ್ಟೇಲಿ ದೂರ ದೂರ ಇಟ್ಟು ಗಟ್ಟಿಯಾದ್ಮೇಲೆ ಕವರ್‌ಗೆ ತುಂಬಿ. ಬೇಕಾದಾಗ ಕರಗಿಸೋಕೆ ಹೋಗ್ದೆ ನೇರವಾಗಿ ಫ್ರೀಜರ್‌ನಿಂದ ಟ್ರೇಗೆ ಇಟ್ಟು, ಮೇಲೆ ಹಳದಿ ಅಥವಾ ಮೊಸರು ಎಣ್ಣೆ ಬಳಿದು, 180 ಡಿಗ್ರಿಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ಬೇಯಿಸಿ, ಕರಗೋಕೆ ಬಿಟ್ರೆ ಸೊಪ್ಪು ಮತ್ತೆ ನೀರು ಬಿಡತ್ತೆ.